ಅತ್ತೆಯ ಸೋಬಾನೆ ಪದ, ನನ್ನ 143 ಪ್ಲಗಿನ್

ಒಂದು ಕಾಲಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ 143 ಪ್ಲಗಿನ್ ಇದ್ದವು, ಅಂದರೆ ಹಾಡು ತಿದ್ದುವ ತಂತ್ರಾಂಶಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಸಣ್ಣ ಸಾಧನಗಳು. ನಾನು ಕೂತು ಎಣಿಸಿದ್ದಲ್ಲ. ಹಾಡು ರೆಕಾರ್ಡ್ ಮಾಡಿ ತಿದ್ದುವ ರೀಪರ್ ಅನ್ನುವ ತಂತ್ರಾಂಶ ತೆರೆದಾಗಲೆಲ್ಲ ಅದು ಒಂದೊಂದನ್ನೇ ಹುಡುಕುತ್ತಾ ನೂರರ ಹತ್ತಿರ ಬಂದು ಸುಮ್ನೆ ನಿಂತುಬಿಡುತ್ತಿತ್ತು, ಆಗ ಪರದೆ ಮೇಲೆ ಕಾಣುತ್ತಿದ್ದ ಲೆಕ್ಕ ಅದು. ಅದರಲ್ಲಿ ಜೋರು ಮೆತ್ತಗಿನ ಅಂತರ ತಗ್ಗಿಸುವ ಕಂಪ್ರೆಸರ್ ಹನ್ನೊಂದು, ಗುಂಗು ಸೇರಿಸುವ ರಿವರ್ಬ್ ಒಂಬತ್ತು. ಪೂರ್ತಿ ಮುಗಿಸಿದ ಹಾಡು ಮಾತ್ರ ಒಂದೂ ಇರಲಿಲ್ಲ.

ಕಾರಣ ಗೊತ್ತೇ ಇದೆ. ರಾತ್ರಿ ಊಟ ಆದಮೇಲೆ ಹಾಡು ಮಿಕ್ಸ್ ಮಾಡೋಣ ಅಂತ ಕೂರುವುದು, "ಇದು ಪುಕ್ಕಟೆ, ಇವತ್ತೇ ಇಳಿಸಿಕೊಳ್ಳಿ" ಅನ್ನುವ ವಿಡಿಯೋ ಕಣ್ಣಿಗೆ ಬೀಳುವುದು, ಇಳಿಸಿಕೊಂಡು ಅದರ ಗುಂಡಿ ತಿರುಗಿಸುತ್ತಾ ಹನ್ನೆರಡು ಗಂಟೆ ಮಾಡುವುದು. ಪುಕ್ಕಟೆ ಅಲ್ವಾ, ಬೇಡ ಅನ್ನುವುದು ಹೇಗೆ?

ಇದಕ್ಕೆ ಕೊನೆ ಹಾಡಿದ್ದು ನನ್ನ ಸೋದರತ್ತೆ. ಅವರ ಊರು ತೀರ್ಥಹಳ್ಳಿ ಕಡೆ, ವಯಸ್ಸು 68. ಮೊದಲೆಲ್ಲ ಅರಿಶಿನ ಎಣ್ಣೆ ಶಾಸ್ತ್ರ, ಹಸೆ ಶಾಸ್ತ್ರ ಅಂದರೆ ಊರವರು ಅವರನ್ನೇ ಕರೆಯುತ್ತಿದ್ದರು. ಈಗ ಮದುವೆ ಮನೆಯಲ್ಲಿ ಸ್ಪೀಕರ್ ಬಂದಿದೆ, ಕರೆಯುವವರು ಕಡಿಮೆ. ಅವರು ಶಿವಮೊಗ್ಗಕ್ಕೆ ಕಣ್ಣು ತೋರಿಸಲು ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದಾಗ ಸೋಬಾನೆ ಪದಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ. ಮಹಡಿ ಮೇಲಿನ ಸಣ್ಣ ಕೋಣೆ, ಒಂದು ಕಂಡೆನ್ಸರ್ ಮೈಕು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲ್ಲಿನ ಇಂಟರ್‌ಫೇಸ್, 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಕೋಣೆಯಲ್ಲಿದ್ದ ಕಬ್ಬಿಣದ ಬೀರು ಅತ್ತೆ ಸ್ವರ ಏರಿಸಿದಾಗೆಲ್ಲ ತಾನೂ ಝುಂ ಅನ್ನುತ್ತಿತ್ತು, ಅದರ ಮೇಲೆ ಎರಡು ಕಂಬಳಿ ಹೊದಿಸಿದೆ. ಯಾವ ಪ್ಲಗಿನ್ನೂ ಆ ಕಂಬಳಿಯಷ್ಟು ಉಪಕಾರ ಮಾಡಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾರನೇ ದಿನ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದು, ಎರಡು ಕಂಪ್ರೆಸರ್, ಹಳೇ ಟೇಪಿನ ಸದ್ದು ತರುವಂಥದ್ದು ಒಂದು, ಮೇಲೊಂದು ದೊಡ್ಡ ರಿವರ್ಬ್ ಹಾಕಿ ಅವರ ಕಿವಿಗೆ ಹೆಡ್‌ಫೋನ್ ಇಟ್ಟೆ. ಅರ್ಧ ನಿಮಿಷ ಕೇಳಿದರು.

"ಏನೋ ಇದು ಮಾರಾಯ, ಬಾವಿಗೆ ಬಿದ್ದು ಹಾಡಿದ ಹಾಗಿದೆ!"

"ಅದು ಎಫೆಕ್ಟ್ ಅತ್ತೆ."

"ಹಸೆ ಹಾಡಿಗೆ ಎಂತಕ್ಕೋ ಎಫೆಕ್ಟು? ತೆಗಿ ಅದನ್ನ."

ತೆಗೆದೆ. ಅದನ್ನೊಂದೇ ಅಲ್ಲ, ಆ ವಾರ ಪ್ಲಗಿನ್ ಫೋಲ್ಡರನ್ನೇ ಪೂರ್ತಿ ಬೇರೆ ಡಿಸ್ಕಿಗೆ ಸಾಗಿಸಿದೆ. ರೀಪರ್ ಜೊತೆಗೇ ಬರುವವು ಮಾತ್ರ ಉಳಿದವು. ನನಗೆ ನಾನೇ ಹಾಕಿಕೊಂಡ ಕಟ್ಟಳೆ ಇಷ್ಟೇ: ಕೇಳಿಸುತ್ತಿರುವ ತೊಂದರೆಯನ್ನು ಕನ್ನಡದಲ್ಲಿ ಒಂದು ವಾಕ್ಯ ಮಾಡಿ ಹೇಳಲು ಬರಬೇಕು, ಇದ್ದ ಸಾಮಾನಿನಲ್ಲಿ ಅದು ಸರಿಹೋಗಬಾರದು, ಆಗ ಮಾತ್ರ ಹೊಸದು ಒಂದು. "ಸ್ವಲ್ಪ ವಾರ್ಮ್ ಆಗಲಿ" ಅನ್ನುವುದನ್ನು ತೊಂದರೆ ಅಂತ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಮೊದಲನೇ ವಾಕ್ಯ: "ಹಿಂದೆ ಗುಂಯ್ ಅಂತ ಶಬ್ದ ಬರುತ್ತಿದೆ." ಒಂದು ಅಮೆರಿಕದ ವಿಡಿಯೋದಲ್ಲಿ ಹೇಳಿದ ಹಾಗೆ 60 ಹರ್ಟ್ಸ್‌ನಲ್ಲಿ ಈಕ್ಯೂ (ಶಬ್ದದ ಬೇಕಾದ ಭಾಗವನ್ನಷ್ಟೇ ಏರಿಸಿ ಇಳಿಸುವ ಸಾಧನ) ಇಟ್ಟು ಕಿರಿದಾಗಿ ಕತ್ತರಿಸಿದೆ. ಗುಂಯ್ ಹಾಗೇ ಇತ್ತು. ಆಮೇಲೆ ವಾಕ್ಸೆಂಗೊದವರ ಸ್ಪ್ಯಾನ್ ಹಾಕಿ ನೋಡಿದೆ. ಅದು ಶಬ್ದವನ್ನು ಮುಟ್ಟುವುದೇ ಇಲ್ಲ, ಯಾವ ಹರ್ಟ್ಸ್‌ನಲ್ಲಿ ಎಷ್ಟಿದೆ ಅಂತ ಗೆರೆ ಎಳೆದು ತೋರಿಸುತ್ತದೆ ಅಷ್ಟೆ, ಪೂರ್ತಿ ಉಚಿತ. ನೋಡಿದರೆ 50, 100, 150 ಹೀಗೆ ಮೂರು ಕಡೆ ಕಂಬದ ಹಾಗೆ ಎದ್ದು ನಿಂತಿವೆ. ನಮ್ಮ ಮನೆ ಕರೆಂಟು 50 ಹರ್ಟ್ಸ್, ಅವರದು 60! ತಲೆ ಚಚ್ಚಿಕೊಂಡೆ. ಅತ್ತೆಯ ಸ್ವರ 180ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಅಂತಲೂ ಅದರಲ್ಲೇ ಕಂಡಿತು. ಹಾಗಾಗಿ 110ರ ಕೆಳಗಿನದ್ದೆಲ್ಲ ಹೈಪಾಸ್ ಹಾಕಿ ಇಳಿಸಿದೆ, 150ರಲ್ಲಿ ಸೂಜಿಯಂಥ ಒಂದು ಕಡಿತ. ಎರಡಕ್ಕೂ ರೀಪರ್‌ನ ರೀಈಕ್ಯೂ ಸಾಕಾಯಿತು. ಮುಂದಿನ ರೆಕಾರ್ಡಿಂಗಿಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದೆ, ಆ ಕಂಬಗಳೇ ಮಾಯ.

ಫ್ಯಾನ್ ಆಫ್ ಮಾಡಿದ್ದರೂ ಇಂಟರ್‌ಫೇಸಿನದೋ ಏನೋ ಸಣ್ಣ ಸುಂಯ್ ಉಳಿದಿತ್ತು. ಅದಕ್ಕೂ ರೀಪರ್‌ನಲ್ಲೇ ಇರುವ ರೀಫರ್ ಸಾಕು. ಸಬ್‌ಟ್ರ್ಯಾಕ್ಟ್ ಅನ್ನುವ ಮೋಡಿನಲ್ಲಿಟ್ಟು, ಯಾರೂ ಹಾಡದ ಎರಡು ಸೆಕೆಂಡಿನ ತುಣುಕನ್ನು ಕೇಳಿಸಿದರೆ ಆ ಸುಂಯ್ ಅನ್ನು ಕಲಿತುಕೊಂಡು ಹಾಡಿನಿಂದ ಕಳೆಯುತ್ತದೆ. ಜಾಸ್ತಿ ಕಳೆದರೆ ನೀರಿನೊಳಗಿನಿಂದ ಮಾತಾಡಿದ ಹಾಗೆ ಆಗುತ್ತದೆ, ಹಾಗಾಗಿ ಸ್ವಲ್ಪ ಸುಂಯ್ ಇರಲಿ ಅಂತ ಬಿಟ್ಟೆ. ರೀಪರ್ ಬಳಸದವರೂ ವಿಂಡೋಸ್‌ನಲ್ಲಿ ಇವನ್ನು ರೀಪ್ಲಗ್ಸ್ ಅನ್ನುವ ಹೆಸರಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದು.

ನಿಜವಾಗಿ ಹೊಸದೊಂದು ಬೇಕಾಗಿದ್ದು ಮುಂದಿನ ವಾಕ್ಯಕ್ಕೆ: "ಸ ಬಂದಾಗೆಲ್ಲ ಶಿಳ್ಳೆ ಹೊಡೆಯುತ್ತದೆ." ಅತ್ತೆಗೆ ಮುಂದಿನ ಹಲ್ಲೊಂದು ಇಲ್ಲ. ಹಾಡುವುದು ಸೋಬಾನೆ, ಸಾಲು ಸಾಲಿಗೂ "ಸೋ". 6,000 ಹರ್ಟ್ಸ್ ಸುತ್ತ ಚೂಪಾದ ಒಂದು ಶಿಳ್ಳೆ. ಅಲ್ಲಿ ಮಾಮೂಲಿ ಈಕ್ಯೂನಿಂದ ಕಡಿದರೆ ಇಡೀ ಹಾಡೇ ಮಂಕಾಗುತ್ತಿತ್ತು. ಶಿಳ್ಳೆ ಬಂದಾಗ ಮಾತ್ರ ಕಡಿಯಬೇಕು, ಹೋದ ಕೂಡಲೇ ಬಿಡಬೇಕು. ಟೋಕಿಯೋ ಡಾನ್ ಲ್ಯಾಬ್ಸ್‌ನ ಟಿಡಿಆರ್ ನೋವಾ ಇದಕ್ಕೇ ಹೇಳಿಮಾಡಿಸಿದ್ದು. ನೋಡೋಕೆ ನಾಲ್ಕು ಬ್ಯಾಂಡಿನ ಈಕ್ಯೂ, ಆದರೆ ಒಂದೊಂದು ಬ್ಯಾಂಡಿಗೂ ಥ್ರೆಶೋಲ್ಡ್ ಇದೆ. ಆ ಗೆರೆ ದಾಟಿದಾಗ ಮಾತ್ರ ಬ್ಯಾಂಡ್ ತಗ್ಗುತ್ತದೆ. ಉಚಿತದ ಆವೃತ್ತಿಯೇ ಇಷ್ಟೆಲ್ಲ ಕೊಡುತ್ತದೆ. "ಸೋ" ಬಂದಾಗ 5 ಡಿಬಿ (ಡೆಸಿಬಲ್) ಇಳಿಯುವ ಹಾಗೆ ಇಟ್ಟೆ. ಹಲ್ಲು ಕಟ್ಟಿಸಿದ ಹಾಗಾಯಿತು. ಒಂದೇ ಪ್ಲಗಿನ್ ಉಳಿಸಿಕೋ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಈಕ್ಯೂ ವಿಷಯಕ್ಕೆ ಬಂದಾಗ ಒಂದು ಹುಳ ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹತ್ತು ಹದಿನೈದು ಸಾವಿರ ರೂಪಾಯಿಯ ಈಕ್ಯೂನಲ್ಲಿ ಏನೋ ಇರಲೇಬೇಕಲ್ಲ? ಒಂದರ ಡೆಮೊ ಇಳಿಸಿಕೊಂಡೆ. ಒಂದೇ ಹಾಡನ್ನು ಎರಡು ಟ್ರ್ಯಾಕಿನಲ್ಲಿಟ್ಟು, ಒಂದಕ್ಕೆ ಅದು, ಇನ್ನೊಂದಕ್ಕೆ ರೀಈಕ್ಯೂ, ಎರಡರಲ್ಲೂ ಗೆರೆ ಒಂದೇ ಥರ ಬರುವ ತನಕ ತಿದ್ದಿದೆ. ಆಮೇಲೆ ಒಂದು ಟ್ರ್ಯಾಕಿನ ಫೇಸ್ ತಿರುಗಿಸುವ, ಅಂದರೆ ಶಬ್ದದ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ ಒತ್ತಿ ಎರಡನ್ನೂ ಒಟ್ಟಿಗೆ ಬಿಟ್ಟೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಹೊಡೆದುಹಾಕಿ ಮೌನ ಉಳಿಯಬೇಕು. ಬಹುಪಾಲು ಮೌನವೇ ಉಳಿಯಿತು! ಮೇಲೆ 15,000 ಹರ್ಟ್ಸ್ ದಾಟಿದ ಕಡೆ ಮಾತ್ರ ಏನೋ ಒಂಚೂರು ಉಸುರಿನ ಹಾಗೆ. ಅಲ್ಲಿ ಅತ್ತೆಯ ಹಾಡೂ ಇಲ್ಲ, ನನ್ನ ಕಿವಿಯೂ ಇಲ್ಲ. ದುಬಾರಿಯದ್ದರಲ್ಲಿ ಪರದೆ ಚೆಂದ, ಕೆಲಸ ಬೇಗ ಆಗುತ್ತದೆ, ದಿನಕ್ಕೆ ಹತ್ತು ಹಾಡು ಮಾಡುವವರಿಗೆ ಅದು ದೊಡ್ಡ ವಿಷಯವೇ. ನಾನು ವಾರಕ್ಕೆ ಒಂದು ಮಾಡಿದರೆ ಹೆಚ್ಚು.

ಕಂಪ್ರೆಸರ್‌ಗಳನ್ನು ಹೀಗೆ ಹೊಡೆದಾಡಿಸಿ ನೋಡಲು ಆಗುವುದಿಲ್ಲ, ಅವು ನಿಜಕ್ಕೂ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಆದರೆ ನಾನು ಎಷ್ಟು ವರ್ಷ ಮೋಸ ಹೋಗಿದ್ದೆ ಅಂತ ಗೊತ್ತಾಗಿದ್ದು ಇಲ್ಲೇ. ಕೆಲವು ಪ್ಲಗಿನ್ ಹಾಕಿದ ಕೂಡಲೇ ಶಬ್ದ ಒಂದೆರಡು ಡಿಬಿ ಜೋರಾಗುತ್ತದೆ, ಜೋರಾಗಿದ್ದು ನಮ್ಮ ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. "ಆಹಾ ಏನು ಜೀವ ಬಂತು" ಅಂದುಕೊಳ್ಳುತ್ತೇವೆ, ಬಂದಿದ್ದು ಬರೀ ವಾಲ್ಯೂಮು. ಈಗ ಏನೇ ಹಾಕಿದರೂ ಮೊದಲು ಅದರ ಔಟ್‌ಪುಟ್ ಇಳಿಸಿ, ಹಾಕಿದಾಗಲೂ ತೆಗೆದಾಗಲೂ ಒಂದೇ ಮಟ್ಟ ಬರುವ ಹಾಗೆ ಮಾಡುತ್ತೇನೆ. ಆಮೇಲೆ ಕಣ್ಣು ಮುಚ್ಚಿ, ಪ್ಲಗಿನ್ ಹಾಕಿ ತೆಗೆಯುವ ಬೈಪಾಸ್ ಗುಂಡಿಯನ್ನು ಲೆಕ್ಕ ತಪ್ಪುವಷ್ಟು ಸಲ ಒತ್ತಿ, ಯಾವುದು ಇಷ್ಟ ಅಂತ ಹೇಳಿ, ಕಣ್ಣು ತೆರೆಯುವುದು. ಈ ಆಟಕ್ಕೆ ನನ್ನ ಹೆಂಡತಿಯೂ ಸೇರಿದಳು. ಇಬ್ಬರೂ ಸೇರಿ ಹನ್ನೊಂದರಲ್ಲಿ ಒಂಬತ್ತನ್ನು ಎತ್ತಿ ಹಾಕಿದೆವು. ಉಳಿದವು ರೀಪರ್‌ನದೇ ರೀಕಾಂಪ್ ಮತ್ತು ಕ್ಲಾಂಗ್‌ಹೆಲ್ಮ್‌ನ ಡಿಸಿ1ಎ. ಎರಡನೆಯದಕ್ಕೆ ಇರುವುದು ಇನ್‌ಪುಟ್, ಔಟ್‌ಪುಟ್ ಅಂತ ಎರಡೇ ದೊಡ್ಡ ಗುಂಡಿ, ನಾಲ್ಕು ಸಣ್ಣ ಸ್ವಿಚ್ಚು. ತಿರುಗಿಸಲು ಏನೂ ಇಲ್ಲದ್ದೇ ಅದರ ದೊಡ್ಡ ಗುಣ.

ರಿವರ್ಬ್‌ನಲ್ಲಿ ಅತ್ತೆಗೆ ಬಾವಿ ತೋರಿಸಿದ್ದು ವಲ್ಹಾಲಾ ಸೂಪರ್‌ಮ್ಯಾಸಿವ್. ಅದರ ತಪ್ಪಲ್ಲ, ಅದು ಇರುವುದೇ ಆಕಾಶದಷ್ಟು ದೊಡ್ಡ ಗುಂಗಿಗೆ, ಉಚಿತ ಬೇರೆ. ಹೆಂಡತಿ ತಂಬೂರಿ ಹಿಡಿದು ಆಲಾಪ ಹಾಡಿದಾಗ ಅದನ್ನೇ ಹಾಕಿದೆ, ಮೈ ಜುಂ ಅಂದಿತು. ಅತ್ತೆಯ ಪದಕ್ಕೆ ಬೇಕಿದ್ದು ಹಜಾರ. ಜನ ಕೂತಿರುವ, ಹಂಚಿನ ಮಾಡಿನ, ಶಬ್ದ ಬೇಗ ಸಾಯುವ ಹಜಾರ. ಡ್ರ್ಯಾಗನ್‌ಫ್ಲೈ ಅಂತ ಓಪನ್ ಸೋರ್ಸ್ ರಿವರ್ಬ್ ಇದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಅದರಲ್ಲಿ ರೂಮ್ ಅನ್ನುವುದನ್ನು ತೆಗೆದುಕೊಂಡು, ಅರ್ಧ ಸೆಕೆಂಡಿಗಿಂತ ಕಡಿಮೆ ಇಟ್ಟು, ಇದೆಯೋ ಇಲ್ಲವೋ ಅನ್ನುವಷ್ಟು ಬೆರೆಸಿದೆ.

ದುಡ್ಡಿನ ವಿಷಯ. ನಾನು ಕೊಟ್ಟಿದ್ದರಲ್ಲಿ ಸಾರ್ಥಕ ಅನ್ನಿಸಿದ್ದು ಎರಡೇ. ಒಂದು ರೀಪರ್, 60 ಡಾಲರ್. ಅರವತ್ತು ದಿನ ಸುಮ್ನೆ ಬಳಸಬಹುದು, ಆಮೇಲೂ ಅದು ಬಾಗಿಲು ಹಾಕುವುದಿಲ್ಲ, ತೆರೆದಾಗಲೆಲ್ಲ ನೆನಪು ಮಾಡುತ್ತದೆ. ನಾನು ನಾಚಿಕೆ ತಡೆಯಲಾರದೆ ಕೊಂಡೆ. 7ನೇ ಆವೃತ್ತಿಗೆ ಕೊಟ್ಟ ದುಡ್ಡು 8.99ರ ತನಕ ನಡೆಯುತ್ತದೆ. ಇನ್ನೊಂದು ವಲ್ಹಾಲಾದ ವಿಂಟೇಜ್‌ವರ್ಬ್ ಅನ್ನುವ ರಿವರ್ಬ್, 50 ಡಾಲರ್. ಅವರು ಸೇಲ್ ಹಾಕುವುದಿಲ್ಲ, ಹಾಗಾಗಿ ಕಾಯುವ ಸಂಕಟವೂ ಇಲ್ಲ. ಕೊಳ್ಳುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿಗೆ ವಿದೇಶಿ ವ್ಯವಹಾರ ಆನ್ ಮಾಡಿಕೊಳ್ಳಿ, ಆದಮೇಲೆ ಆಫ್ ಮಾಡಿ. ಡಾಲರ್ ಬದಲಾಯಿಸಲು ಬ್ಯಾಂಕು ತನ್ನ ಪಾಲನ್ನೂ ಹಿಡಿಯುತ್ತದೆ, ಸ್ಟೇಟ್‌ಮೆಂಟಿನಲ್ಲಿ ಇನ್ನೂರು ಮುನ್ನೂರು ಜಾಸ್ತಿ ಕಂಡರೆ ಗಾಬರಿ ಬೇಡ.

ವ್ಯರ್ಥವಾದ ಕಥೆಯೂ ಇದೆ. ನವೆಂಬರ್ ಸೇಲಿನಲ್ಲಿ ಒಂದು ಕಂಪನಿಯ ಹದಿನಾಲ್ಕು ಪ್ಲಗಿನ್‌ಗಳ ಗಂಟು ಕೊಂಡೆ, "ಶೇಕಡಾ 90 ಕಡಿತ" ಅಂತಿತ್ತು. ಎರಡು ವರ್ಷದ ಮೇಲೆ ಲ್ಯಾಪ್‌ಟಾಪ್ ಬದಲಾಯಿಸಿದಾಗ ಹೊಸ ವಿಂಡೋಸ್‌ಗೆ ಬೇಕಾದ ಆವೃತ್ತಿಗೆ ಮತ್ತೆ ದುಡ್ಡು ಕೇಳಿದರು. ಕೊಡಲಿಲ್ಲ. ಅದಕ್ಕೂ ಹಿಂದೆ ಗೆಳೆಯನೊಬ್ಬ ಪೆನ್ ಡ್ರೈವಿನಲ್ಲಿ ಕಳ್ಳ ಪ್ಲಗಿನ್ ಕೊಟ್ಟಿದ್ದ. ಅರ್ಧ 32 ಬಿಟ್ಟಿನವು, ಉಳಿದರ್ಧ ಜೊತೆಗೆ ವೈರಸ್ ತಂದವು, ಮಗಳ ಮೊದಲ ವರ್ಷದ ಫೋಟೋಗಳು ಹೋದವು. ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತು ಬರುತ್ತದೆ.

ಕೊನೆಗೆ ಯೂಲೀನ್‌ನ ಉಚಿತ ಲೌಡ್‌ನೆಸ್ ಮೀಟರ್ ಹಾಕಿ ಅಳೆದೆ. -18 ಲಫ್ಸ್ ಬಂತು, ಹಾಡು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ ಅದು. ಯೂಟ್ಯೂಬಿಗೆ -14 ಇರಲಿ ಅಂತ ಎಲ್ಲರೂ ಅನ್ನುತ್ತಾರೆ. ಯೂಟ್ಯೂಬ್ ಜೋರಿದ್ದನ್ನು ತಗ್ಗಿಸುತ್ತದೆ, ಮೆತ್ತಗಿದ್ದನ್ನು ಏರಿಸುವುದಿಲ್ಲ, ಗೊತ್ತು. ಏರಿಸಲು ಹೋದರೆ ಅತ್ತೆ ಸಾಲಿನ ಕೊನೆಗೆ ಉಸಿರು ಇಳಿಸಿ ಪದವನ್ನು ಕೆಳಗಿಡುವ ರೀತಿ ಹೊರಟುಹೋಗುತ್ತಿತ್ತು. ಹಾಗೇ ಬಿಟ್ಟೆ.

ಹಾಡುಗಳನ್ನು ಮೆಮೊರಿ ಕಾರ್ಡಿಗೆ ಹಾಕಿ ಊರಿಗೆ ಕಳಿಸಿದೆ. ಒಂದು ವಾರ ಬಿಟ್ಟು ಫೋನ್ ಬಂತು. ಬಾವಿ ಹೋಗಿದೆ ಅಂದರು. ಆಮೇಲೆ, "ಆ ಮೂರನೇ ಪದದಲ್ಲಿ ಕುಕ್ಕರ್ ಕೂಗುತ್ತದಲ್ಲ, ಅದನ್ನ ತೆಗೀಬೇಡ, ನಿನ್ನ ಹೆಂಡತಿ ಅವತ್ತು ಹೆಸರುಕಾಳು ಸಾರು ಮಾಡಿದ್ದಳು" ಅಂದರು. ಆ ಕುಕ್ಕರ್ ನನಗೆ ಕೇಳಿಸಿಯೇ ಇರಲಿಲ್ಲ. ಮತ್ತೆ ಹೆಡ್‌ಫೋನ್ ಹಾಕಿ ಹುಡುಕಿದೆ. ಎರಡು ನಿಮಿಷ ಹನ್ನೊಂದು ಸೆಕೆಂಡಿನಲ್ಲಿದೆ, ಒಂದೇ ಕೂಗು.