ಲಿಫ್ಟ್ ಕೊಳ್ಳುವ ಮುಂಚೆ ನೆಲ ನೋಡಿ

ಐಟಿಐ ಮುಗಿಸಿ, ಒಂದಷ್ಟು ವರ್ಷ ಯಾವುದಾದರೂ ಸರ್ವಿಸ್ ಸೆಂಟರ್‌ನಲ್ಲಿ ದುಡಿದು, ಸ್ವಂತ ಗ್ಯಾರೇಜ್ ಹಾಕಲು ಹೊರಟ ಹುಡುಗರು ನನಗೆ ಫೋನ್ ಮಾಡುತ್ತಾರೆ. ಗುಬ್ಬಿಯಿಂದ, ಕೊರಟಗೆರೆಯಿಂದ, ಒಮ್ಮೊಮ್ಮೆ ಪಾವಗಡದಿಂದಲೂ. ಮೊದಲ ಪ್ರಶ್ನೆ ಒಂದೇ: "ಅಣ್ಣ, ಯಾವ ಕಂಪನಿ ಲಿಫ್ಟ್ ತಗೊಳ್ಲಿ?" ಗಾಡಿಯನ್ನು ಮೇಲೆತ್ತಿ ಅಡಿಯಲ್ಲಿ ನಿಂತು ಕೆಲಸ ಮಾಡಲು ಇರುವ ಲಿಫ್ಟ್ ಅದು. ನಾನು ಕಂಪನಿ ಹೆಸರು ಹೇಳುವುದಿಲ್ಲ. ನಿನ್ನ ಶೆಡ್ಡಿನ ನೆಲ ಎಂಥದ್ದು, ಎತ್ತರ ಎಷ್ಟಿದೆ, ಕರೆಂಟ್ ಸಿಂಗಲ್ ಫೇಸಾ ತ್ರೀ ಫೇಸಾ ಅಂತ ಕೇಳುತ್ತೇನೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಆದ ಹಾಗೇ.

ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನ ಗ್ಯಾರೇಜ್. ಕಾರು, ಜೀಪು, ಪಿಕಪ್ಪು ಎಲ್ಲ ಬರುತ್ತವೆ. ಲಿಫ್ಟ್ ಅಡಿಯಲ್ಲಿ ನಿಂತು ಕೆಲಸ ಮಾಡುವ ಹುಡುಗರು ಬೇರೆಯವರ ಮನೆ ಮಕ್ಕಳು. ಆದ್ದರಿಂದ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಮೊದಲು ನೆಲ. ಎರಡು ಕಂಬದ ಲಿಫ್ಟ್, ಅಂದರೆ ಟೂ ಪೋಸ್ಟ್, ನಿಂತಿರುವುದು ಆಂಕರ್ ಬೋಲ್ಟ್‌ಗಳ ಬಲದಿಂದ. ಕಾರು ಎರಡು ಕಂಬಗಳ ನಡುವೆ, ಚಾಚಿದ ಆರ್ಮ್‌ಗಳ ಮೇಲೆ ಕೂತಿರುತ್ತದೆ. ತುಂಬಿದ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ಮೈ ಮುಂದಕ್ಕೆ ವಾಲುತ್ತದಲ್ವಾ, ಕಂಬಗಳೂ ಹಾಗೆಯೇ ಒಳಗಡೆಗೆ ವಾಲಲು ನೋಡುತ್ತವೆ. ಹೊರಗಡೆ ಇರುವ ಬೋಲ್ಟ್‌ಗಳನ್ನು ನೆಲದಿಂದ ಕೀಳುವ ಎಳೆತ ಅದು. ಆ ಬೋಲ್ಟ್ ಕಚ್ಚಿಕೊಂಡಿರುವ ಕಾಂಕ್ರೀಟ್ ಬಿಟ್ಟುಕೊಟ್ಟರೆ ಎಷ್ಟು ದುಡ್ಡು ಕೊಟ್ಟು ತಂದ ಲಿಫ್ಟ್ ಆದರೂ ಪ್ರಯೋಜನ ಇಲ್ಲ.

ನಮ್ಮ ಕಡೆ ಹಳೇ ಶೆಡ್‌ಗಳಲ್ಲಿ ನೆಲ ಅಂದರೆ ಮಣ್ಣಿನ ಮೇಲೆ ಹಾಸಿದ ಚಪ್ಪಡಿ ಕಲ್ಲು. ಇಲ್ಲವೇ ಮೂರಿಂಚು ಬೆಡ್ ಹಾಕಿ, ಮೇಲೆ ಕಡಪ ಕಲ್ಲು ಕೂರಿಸಿರುತ್ತಾರೆ. ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಆಂಕರ್ ಬೋಲ್ಟ್‌ಗೆ ಕಲ್ಲೂ ಆಗುವುದಿಲ್ಲ, ತೆಳು ಬೆಡ್ಡೂ ಆಗುವುದಿಲ್ಲ. ಅನುಮಾನ ಇದ್ದರೆ ಒಂದು ಮೂಲೆಯಲ್ಲಿ ಡ್ರಿಲ್ ಹಾಕಿ ನೋಡಿ. ಎಷ್ಟು ಆಳಕ್ಕೆ ಮಣ್ಣು ಬಂತು ಅಂತ ಬಿಟ್‌ನ ತುದಿಯೇ ಹೇಳುತ್ತದೆ.

ಹೊಸದಾಗಿ ಹಾಕುವುದಾದರೆ ಸಾಮಾನ್ಯವಾಗಿ ಎಂ25 ಕಾಂಕ್ರೀಟ್, ಆರರಿಂದ ಎಂಟು ಇಂಚು ದಪ್ಪ, ಒಳಗೆ ಕಬ್ಬಿಣದ ಜಾಲರಿ. ಮೇಸ್ತ್ರಿಗೆ ಒಂದಕ್ಕೆ ಒಂದು, ಎರಡು ಅಂದರೆ ಅರ್ಥ ಆಗುತ್ತದೆ: ಒಂದು ಸಿಮೆಂಟ್, ಒಂದು ಮರಳು, ಎರಡು ಜಲ್ಲಿ. ಆದರೂ ಕೊನೆಯ ಮಾತು ಕಂಪನಿ ಕೊಡುವ ಫೌಂಡೇಷನ್ ಡ್ರಾಯಿಂಗ್‌ನದು. ಅದನ್ನು ಲಿಫ್ಟ್ ಬರುವ ದಿನ ಅಲ್ಲ, ಅಡ್ವಾನ್ಸ್ ಕೊಡುವ ದಿನವೇ ಕೇಳಿ ತೆಗೆದುಕೊಳ್ಳಿ. ಸೈಟು ಮಣ್ಣು ತುಂಬಿ ಎತ್ತರ ಮಾಡಿದ್ದೋ, ಹಿಂದೆ ಕೆರೆ ಅಂಗಳ ಆಗಿತ್ತೋ, ಆಗ ಒಬ್ಬ ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಆ ಫೀಸು ಉಳಿಸಬೇಡಿ.

ಕಾಂಕ್ರೀಟ್ ಹಾಕಿದ ಮೇಲೆ 28 ದಿನ ಕಾಯಬೇಕು. ಇಲ್ಲೇ ಎಲ್ಲರ ತಾಳ್ಮೆ ಮುಗಿಯುವುದು. ಬಾಡಿಗೆ ಓಡುತ್ತಿರುತ್ತದೆ, ಲಿಫ್ಟ್ ಬಂದು ಪ್ಯಾಕಿಂಗ್‌ನಲ್ಲೇ ನಿಂತಿರುತ್ತದೆ, ಒಂದು ವಾರಕ್ಕೇ "ಗಟ್ಟಿ ಆಗಿದೆ, ಹಾಕಿಬಿಡೋಣ" ಅನ್ನುತ್ತಾರೆ. ಮೇಲ್ಮೈ ಗಟ್ಟಿ ಆಗಿರುತ್ತದೆ, ಪೂರ್ತಿ ಬಲ ಬಂದಿರುವುದಿಲ್ಲ. ಕಾಯಿರಿ. ಮೊದಲ ದಿನಗಳಲ್ಲಿ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿ. ಆ ತಿಂಗಳು ನೆಲದ ಮೇಲೆ ಆಗುವ ಕೆಲಸ ಹಿಡಿಯಿರಿ.

ಬೋಲ್ಟ್ ಹಾಕಲು ಬಂದವರ ಪಕ್ಕದಲ್ಲೇ ನಿಂತು ನೋಡಿ. ತೂತು ನೆಟ್ಟಗೆ ಇರಬೇಕು. ಒಳಗಿನ ಪುಡಿಯನ್ನು ಏರ್ ಹೊಡೆದು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಆಂಕರ್ ಕಚ್ಚುವುದಿಲ್ಲ. ಕಾಂಕ್ರೀಟಿನ ಅಂಚಿಗೋ ಜಾಯಿಂಟಿಗೋ ತೀರ ಹತ್ತಿರ ತೂತು ಹಾಕಬಾರದು. ಬಿಗಿ ಮಾಡುವುದು ಎಷ್ಟು ಬಿಗಿ ಆಯಿತು ಅಂತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ, ಪೈಪ್ ಹಾಕಿ ಎಳೆದಲ್ಲ. ಸ್ವಲ್ಪ ದಿನ ಲಿಫ್ಟ್ ಓಡಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಟಾರ್ಕ್ ನೋಡಬೇಕು. ಎಷ್ಟು ಟಾರ್ಕ್ ಅನ್ನುವುದು ಮ್ಯಾನುಯಲ್‌ನಲ್ಲಿ ಇರುತ್ತದೆ.

ಎತ್ತರದ ಲೆಕ್ಕ ಸುಲಭ. ಆರ್ಮ್ ತುದಿಯಲ್ಲಿ ಗಾಡಿಗೆ ತಾಗುವ ಪ್ಯಾಡ್ ಸುಮಾರು ಆರಡಿ ಮೇಲಕ್ಕೆ ಹೋಗುತ್ತದೆ. ಸ್ಕಾರ್ಪಿಯೋ ಥರದ ಗಾಡಿ ಎತ್ತುವ ಜಾಗದಿಂದ ಟಾಪ್‌ವರೆಗೆ ಇನ್ನೊಂದು ಐದಡಿ. ಹನ್ನೊಂದು ಆಯಿತು. ಮೇಲೆ ಕ್ಯಾರಿಯರ್ ಇದ್ದರೆ, ಬಾನೆಟ್ಟೋ ಡಿಕ್ಕಿ ಬಾಗಿಲೋ ತೆರೆದಿದ್ದರೆ ಇನ್ನೂ ಜಾಸ್ತಿ. ಅಳೆಯುವಾಗ ಶೀಟ್‌ವರೆಗೆ ಅಳೆಯಬೇಡಿ, ಕೆಳಗೆ ಇಳಿಬಿದ್ದಿರುವ ಟ್ರಸ್, ಫ್ಯಾನು, ಟ್ಯೂಬ್‌ಲೈಟ್‌ವರೆಗೆ ಅಳೆಯಿರಿ. ಹದಿಮೂರು ಅಡಿ ಸಿಕ್ಕರೆ ನಿಶ್ಚಿಂತೆ.

ಕರೆಂಟ್ ವಿಷಯ. ಟೂ ಪೋಸ್ಟ್‌ಗೆ ಸಾಮಾನ್ಯವಾಗಿ ಮೂರು ಎಚ್‌ಪಿ ಮೋಟರ್ ಇರುತ್ತದೆ. ತ್ರೀ ಫೇಸ್ ಸಿಗುವ ಕಡೆ ಅದನ್ನೇ ತೆಗೆದುಕೊಳ್ಳಿ. ವೋಲ್ಟೇಜ್ ಬೀಳುವ ಊರಲ್ಲಿ ಸಿಂಗಲ್ ಫೇಸ್ ಮೋಟರ್ ಬಿಸಿಯಾಗಿ ಸುಡುತ್ತದೆ. ತ್ರೀ ಫೇಸ್‌ನಲ್ಲಿ ಲೈನ್ ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ, ಗಾಡಿ ಮೇಲೇಳುವುದಿಲ್ಲ. ಆಗ ಬಟನ್ ಒತ್ತುತ್ತಾ ನಿಲ್ಲಬೇಡಿ, ಪಂಪ್ ಹಾಳಾಗುತ್ತದೆ. ಬೆಸ್ಕಾಂನವರು ಕಂಬದಲ್ಲಿ ಕೆಲಸ ಮಾಡಿ ಹೋದ ಮೇಲೆ ಹೀಗಾಗುವುದುಂಟು. ಅರ್ತಿಂಗ್ ಸರಿ ಇರಲಿ, ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡುವ ಇಎಲ್‌ಸಿಬಿ ಇರಲೇಬೇಕು. ಗ್ಯಾರೇಜಿನ ನೆಲ ಯಾವಾಗಲೂ ಒದ್ದೆ. ಇನ್ನೊಂದು ಮಾತು: ಲಾಕ್ ಮೇಲೆ, ಅಂದರೆ ಕಂಬದ ಒಳಗಿನ ಕಬ್ಬಿಣದ ತಡೆಯ ಮೇಲೆ, ಕೂತ ಗಾಡಿಯನ್ನು ಇಳಿಸಲು ಮೊದಲು ಸ್ವಲ್ಪ ಮೇಲೆತ್ತಬೇಕು, ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದಾಗ ಹೇಗೆ ಇಳಿಸುವುದು, ಕೈ ಪಂಪ್ ಇದೆಯಾ ಅಂತ ಮಾರುವವರನ್ನು ಕೇಳಿ. ಇಲ್ಲ ಅಂದರೆ ಆ ಮೋಟರ್ ಎಳೆಯುವ ಜನರೇಟರ್‌ಗೂ ಲೆಕ್ಕ ಹಾಕಿ.

ಇನ್ನು ಯಾವ ಥರದ ಲಿಫ್ಟ್. ಕ್ಲಚ್, ಸಸ್ಪೆನ್ಷನ್, ಬ್ರೇಕ್, ಗೇರ್ ಬಾಕ್ಸ್ ಎಲ್ಲ ಮಾಡುವ ಗ್ಯಾರೇಜಿಗೆ ಟೂ ಪೋಸ್ಟ್ ಸರಿ. ಚಕ್ರ ನಾಲ್ಕೂ ತೂಗಾಡುತ್ತವೆ, ಹೊಟ್ಟೆ ಪೂರ್ತಿ ಖಾಲಿ ಸಿಗುತ್ತದೆ. ವೀಲ್ ಅಲೈನ್‌ಮೆಂಟ್ ಮುಖ್ಯ ಅಂದರೆ ಫೋರ್ ಪೋಸ್ಟ್. ಗಾಡಿ ಚಕ್ರದ ಮೇಲೆಯೇ ನಿಂತಿರುತ್ತದೆ, ಚಕ್ರ ಬಿಚ್ಚಲು ಬೇರೆ ಜ್ಯಾಕ್ ಬೇಕು. ಟೈರ್ ಮತ್ತು ಬಾಡಿ ಕೆಲಸಕ್ಕೆ ಕತ್ತರಿ ಥರ ಬಿಚ್ಚಿಕೊಂಡು ಏಳುವ ಸಿಸರ್ ಲಿಫ್ಟ್ ಸಾಕು. ವಾಟರ್ ಸರ್ವಿಸ್‌ನವರ ಒಂಟಿ ಕಂಬದ ವಾಷಿಂಗ್ ಲಿಫ್ಟ್ ತೊಳೆಯುವುದಕ್ಕೆ ಮಾತ್ರ. ಅದರ ಮೇಲೆ ಗೇರ್ ಬಾಕ್ಸ್ ಇಳಿಸುವ ಸಾಹಸ ಬೇಡ.

ತಾಕತ್ತು ನಾಲ್ಕು ಟನ್ ಇದ್ದರೆ ನಮ್ಮ ಕಡೆಯ ಹೆಚ್ಚಿನ ಗಾಡಿಗೆ ಸಾಕು. ಆಲ್ಟೋ ಮುಕ್ಕಾಲು ಟನ್ ಆಸುಪಾಸು, ಫಾರ್ಚೂನರ್ ಎರಡು ಟನ್ ದಾಟುತ್ತದೆ. ಗಾಡಿಯ ತೂಕ ಗೊತ್ತಿಲ್ಲದಿದ್ದರೆ ಆರ್‌ಸಿಯಲ್ಲಿ ಅನ್‌ಲೇಡನ್ ವೆಯ್ಟ್ ಅಂತ ಬರೆದಿರುತ್ತದೆ, ನೋಡಿ. ಆದರೆ ನಾಲ್ಕು ಟನ್ ಅಂದರೆ ಒಂದೊಂದು ಆರ್ಮ್‌ಗೆ ಒಂದೇ ಟನ್. ಮತ್ತೆ ಆರ್‌ಸಿಯಲ್ಲಿ ಇರುವುದು ಖಾಲಿ ಗಾಡಿಯ ತೂಕ. ತಿಪಟೂರು ಕಡೆಯಿಂದ ಬರುವ ಬೊಲೆರೊ ಪಿಕಪ್‌ಗಳಲ್ಲಿ ಹಿಂದೆ ಕೊಬ್ಬರಿ ಮೂಟೆ ಇದ್ದೇ ಇರುತ್ತದೆ. "ಬೇಗ ನೋಡಿಬಿಡಣ್ಣ, ಮಾರ್ಕೆಟ್‌ಗೆ ಹೋಗ್ಬೇಕು" ಅನ್ನುತ್ತಾರೆ. ಮೂಟೆ ಇಳಿಸದೆ ನಾನು ಎತ್ತುವುದಿಲ್ಲ. ಒಟ್ಟು ತೂಕ ನಾಲ್ಕು ಟನ್ ಒಳಗೇ ಇರಬಹುದು, ಆದರೆ ಹಿಂಭಾರ ಆಗಿ ಗಾಡಿ ವಾಲುತ್ತದೆ.

ಸೆಕೆಂಡ್ ಹ್ಯಾಂಡ್ ಲಿಫ್ಟ್ ಬೇಡ ಅಂತ ಹೇಳುವುದಿಲ್ಲ. ಕಂಬದಲ್ಲಿ, ಆರ್ಮ್‌ನಲ್ಲಿ ಹೊಸ ವೆಲ್ಡಿಂಗ್ ಗುರುತು ಇದ್ದರೆ, ಹೊಸದಾಗಿ ಪೇಂಟ್ ಬಳಿದು ತೋರಿಸಿದರೆ ವಾಪಸ್ ಬನ್ನಿ. ತಾಕತ್ತು ಬರೆದ ಪ್ಲೇಟ್ ಇರಬೇಕು, ಮ್ಯಾನುಯಲ್ ಇರಬೇಕು. ಆಂಕರ್ ಬೋಲ್ಟ್ ಮಾತ್ರ ಯಾವತ್ತೂ ಹೊಸದೇ. ಎಣ್ಣೆಯ ಬದಲು ಉದ್ದ ಸ್ಕ್ರೂ ತಿರುಗಿ ಎತ್ತುವ ಲಿಫ್ಟ್ ಆದರೆ ಒಳಗಿನ ನಟ್ ಎಷ್ಟು ಸವೆದಿದೆ ಅಂತ ಬಿಚ್ಚಿಸಿಯೇ ನೋಡಿ.

ಈಗ ದಿನದ ಬಳಕೆ. ಗಾಡಿ ಒಳಗೆ ತರುವ ಮುಂಚೆ ನಾಲ್ಕು ಆರ್ಮ್‌ಗಳನ್ನೂ ಪಕ್ಕಕ್ಕೆ ಸರಿಸಿ. ಗಾಡಿ ನಿಂತ ಮೇಲೆ ಒಳಗೆ ಯಾರೂ ಇರಬಾರದು. ಓನರ್ ಫೋನ್‌ನಲ್ಲಿ ಮಾತಾಡುತ್ತಾ ಕೂತಿದ್ದರೂ "ಸಾರ್, ಸ್ವಲ್ಪ ಕೆಳಗೆ ಇಳೀರಿ" ಅಂತ ಹೇಳಿ. ಬೇಜಾರಾದರೆ ಆಗಲಿ. ಪ್ಯಾಡ್ ಎಲ್ಲಿ ಇಡಬೇಕು ಅನ್ನುವುದು ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಮಾರುತಿ, ಹ್ಯುಂಡೈ ಥರದ ಕಾರಲ್ಲಿ ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತು ಇರುತ್ತದೆ. ಬೊಲೆರೊ, ಇನ್ನೋವಾ ಕ್ರಿಸ್ಟಾ ಥರದ್ದಕ್ಕೆ ಚಾಸಿ ಕೆಳಗೆ, ಎತ್ತರದ ಅಡಾಪ್ಟರ್ ಹಾಕಿ ಇಡಬೇಕು, ಇಲ್ಲದಿದ್ದರೆ ಆರ್ಮ್ ಫುಟ್‌ಸ್ಟೆಪ್‌ಗೆ ಒತ್ತುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲಿ ನೆಲದ ಅಡಿಪೂರ್ತಿ ಬ್ಯಾಟರಿ. ಪ್ಯಾಡ್ ಇರಲಿ, ಆರ್ಮ್ ಕೂಡ ಅದಕ್ಕೆ ತಾಕಬಾರದು. ಅಡಾಪ್ಟರ್ ಇಲ್ಲದ ದಿನ ಮರದ ತುಂಡು, ಹಾಲೋ ಬ್ಲಾಕ್ ಅಂತ ಏನೇನೋ ತುರುಕಬೇಡಿ.

ಬಟನ್ ಒತ್ತಿ ಚಕ್ರ ನೆಲ ಬಿಡುವಷ್ಟು, ಅರ್ಧ ಅಡಿ ಎತ್ತಿ ನಿಲ್ಲಿಸಿ. ನಾಲ್ಕೂ ಪ್ಯಾಡ್ ಬಗ್ಗಿ ನೋಡಿ. ಆರ್ಮ್ ಬುಡದ ಹಲ್ಲಿನ ಲಾಕ್ ಕೂತಿದೆಯಾ ಅಂತ ಕೈಯಿಂದ ಎಳೆದು ನೋಡಿ. ಬಂಪರ್ ಹಿಡಿದು ಒಮ್ಮೆ ಅಲುಗಾಡಿಸಿ. ಅಲುಗಾಡಿದರೆ ಇಳಿಸಿ ಮತ್ತೆ ಕೂರಿಸಿ. ಬೀಳುವುದಿದ್ದರೆ ಆ ಅರ್ಧ ಅಡಿಯಲ್ಲೇ ಬೀಳಲಿ.

ಬೇಕಾದ ಎತ್ತರಕ್ಕೆ ಹೋಯಿತು. ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಮೇಲೇರುವಾಗ ಕಂಬದ ಒಳಗಿಂದ ಕಟ್, ಕಟ್ ಅಂತ ಸದ್ದು ಬರುತ್ತದಲ್ಲ, ಅದು ಲಾಕ್. ಸ್ಪ್ರಿಂಗ್ ಒತ್ತಿ ಹಿಡಿದ ದಪ್ಪ ಕಬ್ಬಿಣದ ತುಂಡು ಒಂದೊಂದು ಹಂತಕ್ಕೂ ಬೀಳುತ್ತಾ ಹೋಗುತ್ತದೆ. ಗಾಡಿ ಎತ್ತಿದ ಮೇಲೆ ಲಿವರ್ ಒತ್ತಿ ಒಂದಿಷ್ಟು ಇಳಿಸಿ, ಭಾರವನ್ನು ಆ ತುಂಡಿನ ಮೇಲೆ ಕೂರಿಸಬೇಕು. ಅಲ್ಲಿಯವರೆಗೆ ಗಾಡಿ ನಿಂತಿರುವುದು ಎಣ್ಣೆಯ ಒತ್ತಡದಲ್ಲಿ. ಒಂದು ಹೋಸ್ ಒಡೆದರೆ, ಒಂದು ಸೀಲ್ ಹೋದರೆ ಎಣ್ಣೆ ನಿಲ್ಲುವುದಿಲ್ಲ. ಲಾಕ್ ಮೇಲೆ ಕೂತ ಗಾಡಿಗೆ ಹೋಸ್ ಒಡೆದರೂ ಏನೂ ಆಗುವುದಿಲ್ಲ. ಎರಡು ಕಂಬದ ಸದ್ದೂ ಒಟ್ಟಿಗೆ ಬರಬೇಕು. ಒಂದು ಮೊದಲು, ಒಂದು ಆಮೇಲೆ ಅಂತ ಕೇಳಿಸಿದರೆ ಸಮ ಮಾಡುವ ಕೇಬಲ್ ಸಡಿಲ ಆಗಿದೆ ಅಂತ ಲೆಕ್ಕ. ಕೇಬಲ್ ಬಿಗಿ ಮಾಡಿಸುವವರೆಗೆ ಅಡಿಗೆ ಹೋಗಬೇಡಿ.

ಒಂದು ಗ್ಯಾರೇಜಿನಲ್ಲಿ ಈ ಲಾಕ್ ಲಿವರನ್ನು ಬೈಂಡಿಂಗ್ ವೈರ್‌ನಿಂದ ಎಳೆದು ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಇಳಿಸುವಾಗ ಪ್ರತಿ ಸಲ ಲಾಕ್ ಬಿಡಿಸುವ ರಗಳೆ ಬೇಡ ಅಂತ. ಅದರ ಅಡಿಯಲ್ಲೇ ಒಬ್ಬ ಹುಡುಗ ನಿಂತು ಆಯಿಲ್ ಬಿಡುತ್ತಿದ್ದ. ನನಗೆ ನಿಲ್ಲಲಾಗಲಿಲ್ಲ, ವೈರ್ ಕತ್ತರಿಸಿ ಹಾಕಿ ಬಂದೆ. ನಿಮ್ಮ ಗ್ಯಾರೇಜಿನಲ್ಲಿ ಇಂಥದ್ದು ಕಂಡರೆ ಆಮೇಲೆ ಮಾತಾಡೋಣ ಅಂತ ಸುಮ್ನೆ ಬಿಡಬೇಡಿ. ಇಳಿಸುವ ಲಿವರ್ ಕೈಬಿಟ್ಟರೆ ತಾನೇ ವಾಪಸ್ ಬರುವ ಹಾಗೆ ಮಾಡಿರುತ್ತಾರೆ, ಅದನ್ನೂ ಕಟ್ಟಬಾರದು.

ಎಂಜಿನ್, ಗೇರ್ ಬಾಕ್ಸ್ ಇಳಿಸುವಾಗ ಇನ್ನೂ ಹುಷಾರು. ಮುಂದಿನ ಭಾರ ಕೆಳಗೆ ಬಂದ ಕ್ಷಣ ಗಾಡಿ ಹಿಂದಕ್ಕೆ ವಾಲುತ್ತದೆ. ಅದಕ್ಕೆ ಮೊದಲೇ ಹಿಂದಗಡೆ ಉದ್ದ ಸ್ಟ್ಯಾಂಡ್ ಕೊಡಿ. ಹಿಂದಿನ ಆಕ್ಸಲ್ ಬಿಚ್ಚುವುದಾದರೆ ಮುಂದೆ ಕೊಡಿ. ತುಕ್ಕು ಹಿಡಿದ ಆಕ್ಸಲ್ ನಟ್, ಜೋರಾಗಿ ಜಗ್ಗಬೇಕಾದ ಬೋಲ್ಟ್ ಇವನ್ನೆಲ್ಲ ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಿ. ಗಾಡಿ ಜಾರಿದರೆ ಹಿಡಿಯಲು ಹೋಗಬೇಡಿ, ಓಡಿ. ಓಡಲು ದಾರಿ ಇರಬೇಕು, ಟೂಲ್ ಟ್ರಾಲಿ ಆ ದಾರಿಗೆ ಅಡ್ಡ ಇಡಬೇಡಿ. ಇಳಿಸುವಾಗ ಅಡಿಯಲ್ಲಿ ಏನೂ ಇಲ್ಲ, ಯಾರೂ ಇಲ್ಲ ಅಂತ ಸುತ್ತ ಒಂದು ಬಾರಿ ನಡೆದು ನೋಡಿ, ಆಮೇಲೆ ಲಿವರ್ ಮುಟ್ಟಿ.

ವರ್ಷದ ಚೆಕಪ್‌ಗೆ ನಾನು ಆಯುಧ ಪೂಜೆಯ ಹಿಂದಿನ ದಿನ ಇಟ್ಟುಕೊಂಡಿದ್ದೇನೆ. ಹೇಗೂ ಗ್ಯಾರೇಜ್ ತೊಳೆಯುತ್ತೇವೆ, ಗಾಡಿ ಒಳಗೆ ಇರುವುದಿಲ್ಲ. ಬಟ್ಟೆಯಿಂದ ಕೇಬಲ್ ಒರೆಸಿದರೆ ಎಳೆ ಕಿತ್ತಿದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿ ಕೈಯಿಂದ ಸವರಬೇಡಿ, ಚುಚ್ಚುತ್ತದೆ. ಎಳೆ ಕಿತ್ತಿದ್ದರೆ ಎರಡು ಕಡೆಯದನ್ನೂ ಒಟ್ಟಿಗೆ ಬದಲಾಯಿಸಿ. ಚೈನ್‌ಗೆ ಲೂಬ್ರಿಕೇಷನ್, ಹೈಡ್ರಾಲಿಕ್ ಆಯಿಲ್ ಲೆವೆಲ್, ಹೋಸ್‌ನಲ್ಲಿ ಬಿರುಕು, ಪ್ಯಾಡ್‌ನ ರಬ್ಬರ್, ಆಂಕರ್ ಬೋಲ್ಟ್ ಸುತ್ತ ಕಾಂಕ್ರೀಟ್ ಸೀಳಿದೆಯಾ ಅನ್ನುವುದು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಪೂಜೆಗೆ ಬಾಳೆಕಂದು ಕಟ್ಟುವಾಗ ಲಾಕ್ ಲಿವರ್‌ಗೂ ಕೇಬಲ್‌ಗೂ ತಾಕದ ಹಾಗೆ ಕಟ್ಟಿ. ಮಾರನೇ ದಿನ ಗಾಡಿ ಹತ್ತಿಸುವ ಮುಂಚೆ ಅದನ್ನು ಬಿಚ್ಚಿ, ಖಾಲಿ ಲಿಫ್ಟನ್ನು ಒಂದು ಸಲ ಪೂರ್ತಿ ಮೇಲೆ ಕೆಳಗೆ ಓಡಿಸಿ.