ಅಡಿಕೆ ಅಂಗಳದ ಕ್ಯಾಮೆರಾ ಮತ್ತು ವೈಫೈ ಪಾಳಿ

ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ಗೋಡೆಯ ಮನೆ, 50 ಎಂಬಿಪಿಎಸ್ ಫೈಬರ್ ಲೈನು. ಜಗಲಿಯಲ್ಲಿ ರೂಟರ್: 2.4 ಗಿಗಾಹರ್ಟ್ಸ್‌ಗೆ ಎರಡು ಆಂಟೆನಾ, 5ಕ್ಕೆ ಎರಡು, ಒಳಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ. ಅದನ್ನು ನೆಚ್ಚಿಕೊಂಡದ್ದು ಎರಡು ಲ್ಯಾಪ್‌ಟಾಪ್, ಒಂದು ಟಿವಿ, ಆರೇಳು ಫೋನು, ತೋಟದ ಮೋಟರ್ ಸ್ಟಾರ್ಟರ್, ನಾಲ್ಕು ಕ್ಯಾಮೆರಾ. ಜಗಲಿಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 48 ಬರುತ್ತಿತ್ತು. ಹಿಂದಿನ ಕೋಣೆಯಲ್ಲಿ ಮೀಟಿಂಗಿಗೆ ಕೂತರೆ ಮಾತು ತುಂಡು ತುಂಡು. ಅಷ್ಟು ದಪ್ಪ ಗೋಡೆ ಎರಡಿದ್ದರೆ 5 ಗಿಗಾಹರ್ಟ್ಸ್ ದಾಟುವುದಿಲ್ಲ, ಹಾಗಾಗಿ ಅಲ್ಲಿನ ಲ್ಯಾಪ್‌ಟಾಪು ಕ್ಯಾಮೆರಾಗಳ ಜೊತೆ 2.4ರಲ್ಲೇ ಇತ್ತು.

ಇಂಥಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ‘ಟಿವಿಗೆ 10 ಎಂಬಿ, ಫೋನಿಗೆ 5’ ಎಂಬ ಮಿತಿಯ ಕಡೆಗೆ. ನಾವೂ ಹಾಕಿ ನೋಡಿದೆವು, ಏನೂ ಬದಲಾಗಲಿಲ್ಲ. ವೈಫೈನಲ್ಲಿ ಖರ್ಚಾಗುವುದು ಏರ್‌ಟೈಮ್, ಅಂದರೆ ಗಾಳಿಯ ಹೊತ್ತು. ತೋಟಕ್ಕೆ ಹಳ್ಳದ ನೀರು ಬಿಡುವ ಪಾಳಿ ನೆನೆಸಿಕೊಳ್ಳಿ. ‘ನಿನಗೆ ಎರಡು ಗಂಟೆ’ ಅಂತ ಕಟ್ಟಿದ ಪಾಳಿ ಒಂದು ಬಗೆ. ‘ನಿನ್ನ ತೊಟ್ಟಿ ತುಂಬುವ ತನಕ’ ಅಂತ ಕಟ್ಟಿದರೆ ಸಣ್ಣ ಪೈಪಿನವನು ದಿನವಿಡೀ ಹಿಡಿದುಕೊಳ್ಳುತ್ತಾನೆ. ವೈಫೈ ಹುಟ್ಟಿದ್ದೇ ಈ ಎರಡನೆಯ ಬಗೆಯಲ್ಲಿ. ಪ್ರತಿ ಸಾಧನಕ್ಕೂ ಒಂದು ಸರದಿ, ಕಳಿಸಲು ಎಷ್ಟು ಹೊತ್ತು ಹಿಡಿದರೂ ಅದು ಅದರದ್ದೇ.

ಯಾರು ಹಿಡಿದಿದ್ದಾರೆ ಎಂದು ನೋಡಲು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಆಜ್ಞೆ ಟೈಪಿಸುವ ದಾರಿ) ರೂಟರಿನೊಳಗೆ ಹೊಕ್ಕು ‘ಐಡಬ್ಲ್ಯೂ’ ಆಜ್ಞೆಯ ‘ಸ್ಟೇಷನ್ ಡಂಪ್’ ಕೊಟ್ಟೆವು, ಅದು ಸೇರಿಕೊಂಡ ಪ್ರತಿ ಸಾಧನದ ವಿವರ ಪಟ್ಟಿ ಮಾಡುತ್ತದೆ. ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾದ ಸಾಲಿನಲ್ಲಿ ಸಿಗ್ನಲ್ -80 ಡಿಬಿಎಂ (ಸೊನ್ನೆಯಿಂದ ದೂರವಾದಷ್ಟೂ ಕ್ಷೀಣ), ಆರ್‌ಎಕ್ಸ್ ಬಿಟ್‌ರೇಟ್, ಅಂದರೆ ಅದರಿಂದ ರೂಟರಿಗೆ ಬರುವ ದರ 6.5 ಎಂಬಿಪಿಎಸ್, ಎಂಸಿಎಸ್ 0, ಅಂದರೆ ದರದ ತೀರಾ ಕೆಳಗಿನ ಮೆಟ್ಟಿಲು. ಅದಕ್ಕಿರುವುದು ಒಂದೇ ಆಂಟೆನಾ. 1500 ಬೈಟಿನ ಪ್ಯಾಕೆಟ್ ಎಂದರೆ 12,000 ಬಿಟ್. ಸಿಗ್ನಲ್ ಚೆನ್ನಾಗಿದ್ದಾಗ ಸಿಗುವ 65ರ ದರದಲ್ಲಿ ಅದು 0.18 ಮಿಲಿಸೆಕೆಂಡಿಗೆ ಮುಗಿಯುತ್ತದೆ, 6.5ರಲ್ಲಿ 1.85 ಬೇಕು. ಕ್ಯಾಮೆರಾ ಕಳಿಸುವುದು 2 ಎಂಬಿಪಿಎಸ್ ಚಿತ್ರ ಮಾತ್ರ, ಆದರೆ 2ನ್ನು 6.5ರಿಂದ ಭಾಗಿಸಿ ನೋಡಿ: ಚಾನೆಲ್ಲಿನ ಶೇ 31 ಹೊತ್ತು ಅದೊಂದಕ್ಕೇ. ರಿಟ್ರೈ (ತಲುಪದ್ದನ್ನು ಮತ್ತೆ ಕಳಿಸುವುದು), ನಡುವಿನ ಕಾಯುವಿಕೆ ಸೇರಿದರೆ ಇನ್ನೂ ಹೆಚ್ಚು. ಅದೇ ಕ್ಯಾಮೆರಾ 65ರಲ್ಲಿ ಮಾತಾಡಿದರೆ ಶೇ 3.

ಏರ್‌ಟೈಮ್ ಫೇರ್‌ನೆಸ್ (ಹೊತ್ತನ್ನು ಸಮವಾಗಿ ಹಂಚುವ ರೂಟರಿನ ಸೌಲಭ್ಯ) ಆನ್ ಮಾಡಿದರಾಯಿತಲ್ಲ ಎನ್ನುವವರುಂಟು. ಅದು ರೂಟರ್ ತಾನು ಕಳಿಸುವ ಡೌನ್‌ಲೋಡಿನ ಹೊತ್ತನ್ನು ಮಾತ್ರ ಹಂಚುತ್ತದೆ. ಕ್ಯಾಮೆರಾ ಅಪ್‌ಲೋಡ್ ಮಾಡುವ ಪ್ರಾಣಿ. ಅದರ ಬಾಯಿ ಮುಚ್ಚಿಸುವ ಶಕ್ತಿ ರೂಟರಿಗಿಲ್ಲ. ವೈಫೈ 6ರಲ್ಲಿ ಅಪ್‌ಲೋಡಿಗೂ ರೂಟರೇ ಸರದಿ ಕೊಡಬಹುದು, ಆದರೆ ಕ್ಯಾಮೆರಾವೂ ವೈಫೈ 6 ಆಗಿರಬೇಕು.

ಹಾಗಾಗಿ ಮೊದಲು ಕ್ಯಾಮೆರಾವನ್ನೇ ಹಿಡಿದೆವು. ಚಿತ್ರವನ್ನು ಹೆಚ್ಚು ಕುಗ್ಗಿಸುವ ಎಚ್.265, ಸೆಕೆಂಡಿಗೆ 12 ಫ್ರೇಮ್, 1 ಎಂಬಿಪಿಎಸ್. ಅಡಿಕೆ ಕಾಯಲು ಇಷ್ಟು ಸಾಕು. ಆಮೇಲೆ ಅಂಗಳದ ಮಾಡಿನಡಿ ಇನ್ನೊಂದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿಡುವ ಪೆಟ್ಟಿಗೆ. ಮನೆಯದ್ದು ಚಾನೆಲ್ 1, ಅಂಗಳದ್ದು 11, ಎರಡೂ 20 ಮೆಗಾಹರ್ಟ್ಸ್ ಅಗಲ, ಒಂದರ ಮೇಲೊಂದು ಬೀಳವು. ನಡುವೆ 60 ಮೀಟರ್. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಓಡುತ್ತದೆ ನಿಜ, ಆದರೆ ಏಪ್ರಿಲ್-ಮೇ ಸಿಡಿಲಿಗೆ ತಾಮ್ರದ ತಂತಿ ಎರಡೂ ಕಡೆಯ ಪೋರ್ಟನ್ನು ಸುಡುತ್ತದೆ. ಒಂದೆಳೆಯ ಫೈಬರ್ ಡ್ರಾಪ್ ಕೇಬಲ್ ಎಳೆದು ತುದಿಗೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಈಥರ್ನೆಟ್ಟಿಗೆ ಬದಲಿಸುವ ಪೆಟ್ಟಿಗೆ) ಇಟ್ಟೆವು. ಕನ್ವರ್ಟರ್ ಜೋಡಿಯಾಗಿಯೇ ತರಬೇಕು: ಒಂದು 1310 ನ್ಯಾನೊಮೀಟರ್ ಬೆಳಕಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ. ಎರಡೂ ಒಂದೇ ನಮೂನೆ ಬಂದರೆ ಲಿಂಕ್ ದೀಪ ಹೊತ್ತುವುದೇ ಇಲ್ಲ. ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿರುವ ಉಕ್ಕಿನ ತಂತಿಯನ್ನು ಕಂಬದಲ್ಲೇ ಕತ್ತರಿಸಿ, ಫೈಬರ್ ಮಾತ್ರ ಒಳಗೆ ತನ್ನಿ. ಇಲ್ಲದಿದ್ದರೆ ಸಿಡಿಲಿಗೆ ನೀವೇ ದಾರಿ ತೋರಿಸಿದಂತೆ. ಕರೆಂಟಿನ ದಾರಿ ಹೇಗೂ ಉಳಿಯುತ್ತದೆ, ಗುಡುಗಿದರೆ ಪ್ಲಗ್ ಕೀಳಬೇಕು. ಪೆಟ್ಟಿಗೆಗೆ ಬರುವ ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸಂದಿ ಬಿಟ್ಟರೆ ಇರುವೆ ಗೂಡು ಕಟ್ಟುವುದು ಖಾತ್ರಿ.

ಇನ್ನೊಂದು ಸೋರಿಕೆ ಬೀಕನ್. ಪ್ರತಿ ವೈಫೈ ಹೆಸರೂ 102.4 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಕೂಗುತ್ತದೆ. 1 ಎಂಬಿಪಿಎಸ್‌ನ ಹಳೆಯ ದರದಲ್ಲಿ 300 ಬೈಟಿನ ಬೀಕನ್‌ಗೆ 2.4 ಮಿಲಿಸೆಕೆಂಡ್, ಮೂರು ಹೆಸರಿದ್ದರೆ ಶೇ 7 ಹೊತ್ತು ಕೂಗಿಗೇ ಹೋಯಿತು. ಈಗಿನ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಹಳೆಯ ದರಗಳು ಮೊದಲೇ ಆಫ್ ಇರುತ್ತವೆ. ಫೈಬರ್‌ನವರು ಕೊಟ್ಟ ಪೆಟ್ಟಿಗೆ ಮಾತ್ರ ಪಕ್ಕದಲ್ಲೇ ಕೂತು ತನ್ನದೊಂದು ವೈಫೈ ಕೂಗುತ್ತಿತ್ತು, ಅದನ್ನು ಆಫ್ ಮಾಡಿದೆವು.

ಹೆಚ್ಚು ಆಂಟೆನಾದ ರೂಟರ್ ತಂದರೆ? ಒಂದೇ ಆಂಟೆನಾದ ಕ್ಯಾಮೆರಾಕ್ಕೆ ಎರಡನೇ ಸ್ಟ್ರೀಮ್ (ಜೊತೆಯಲ್ಲೇ ಹರಿಯುವ ಇನ್ನೊಂದು ದತ್ತಾಂಶದ ಧಾರೆ) ಎಲ್ಲಿಂದಲೂ ಬರದು. ಎರಡರ ಬದಲು ನಾಲ್ಕು ಆಂಟೆನಾ ಇದ್ದರೆ ಕ್ಷೀಣ ಸಿಗ್ನಲನ್ನು ಕೂಡಿಸಿ ಕೇಳುವಲ್ಲಿ ಸುಮಾರು 3 ಡಿಬಿ, ಅಂದರೆ ಎರಡು ಪಟ್ಟಿನಷ್ಟು ಲಾಭವುಂಟು, ಅದೇ ನಿಜವಾದ ಪ್ರಯೋಜನ. ಒಂದೇ ಹೊತ್ತಿಗೆ ಹಲವು ಫೋನಿಗೆ ಕಳಿಸುವ ಎಂಯು-ಮಿಮೊ ತಂತ್ರ ಎರಡು ಆಂಟೆನಾದ ಪೆಟ್ಟಿಗೆಯಲ್ಲಿ ಹೆಸರಿಗಷ್ಟೇ. ನಾಲ್ಕಿರುವಲ್ಲೂ ಪ್ರತಿ ಫೋನಿನ ದಾರಿಯನ್ನು ಮತ್ತೆ ಮತ್ತೆ ಅಳೆಯಬೇಕು, ಫೋನು ಹಿಡಿದವರು ಓಡಾಡಿದರೆ ಆ ಅಳತೆ ಹಳಸುತ್ತದೆ. ಆಂಟೆನಾ ಒಂದನ್ನು ನೆಟ್ಟಗೆ, ಇನ್ನೊಂದನ್ನು ಓರೆಯಾಗಿ ಇಡಿ.

ಗಾಳಿ ಸರಿಹೋದ ಮೇಲಷ್ಟೇ ಲೈನಿನ ಹಂಚಿಕೆ. ಲೈನಿನ ಸರದಿ ನೋಡಿಕೊಳ್ಳುವ ಎಸ್‌ಕ್ಯೂಎಂ ಪ್ಯಾಕೇಜಿನಲ್ಲಿ ‘ಕೇಕ್’ ಎಂಬ ಹಂಚಿಕೆಯ ವಿಧಾನ ಆರಿಸಿ, ಅಳತೆಯಲ್ಲಿ ಬಂದ 48ರ ಶೇ 90, ಅಂದರೆ ಡೌನ್‌ಲೋಡಿಗೆ 43,000 ಕೆಬಿಪಿಎಸ್ ಹಾಕಿದೆವು. ಅಪ್‌ಲೋಡಿಗೂ ಇದೇ ಲೆಕ್ಕ. ಓವರ್‌ಹೆಡ್ (ಪ್ರತಿ ಪ್ಯಾಕೆಟ್ಟಿಗೆ ಸೇರುವ ಹೆಚ್ಚುವರಿ ಬೈಟು) 44. ಒಳಬರುವ ಕಡೆ ‘ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್’, ಹೊರಹೋಗುವ ಕಡೆ ‘ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’. ಆಗ ಒಂದು ಫೋನು ನಲವತ್ತು ಕನೆಕ್ಷನ್ ತೆರೆದರೂ ಒಬ್ಬನ ಪಾಲೇ ಸಿಗುತ್ತದೆ. ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ಒಳದಾರಿಯಲ್ಲಿ ಬೇಗ ದಾಟಿಸುವ ರೂಟರಿನ ಸೌಲಭ್ಯ) ಆನ್ ಇದ್ದರೆ ಪ್ಯಾಕೆಟ್‌ಗಳು ಕೇಕನ್ನು ತಪ್ಪಿಸಿಕೊಂಡು ಹೋಗುತ್ತವೆ. ಎಲ್ಲ ಹಾಕಿಯೂ ಪರಿಣಾಮ ಕಾಣದಿದ್ದರೆ ಮೊದಲು ಅದನ್ನೇ ನೋಡಿ.

5 ಗಿಗಾಹರ್ಟ್ಸ್‌ಗೆ ಚಾನೆಲ್ 36, 80 ಮೆಗಾಹರ್ಟ್ಸ್ ಅಗಲ. ಹಳ್ಳಿಯಲ್ಲಿ ನೆರೆಮನೆಯ ವೈಫೈ ತಲುಪದು, ಇಷ್ಟು ಅಗಲ ನಡೆಯುತ್ತದೆ. ಶಿವಮೊಗ್ಗದ ವಿನೋಬನಗರದಂಥ ಕಡೆ 40 ಸಾಕು.

ಸಿಗ್ನಲ್ಲಿನ ಅಳತೆಯನ್ನು ಮಾತ್ರ ಜುಲೈನಲ್ಲಿ, ಜಡಿಮಳೆಯ ನಡುವೆ ಮಾಡಬೇಕು. ಮಳೆಹನಿ ಈ ತರಂಗಗಳಿಗೆ ಲೆಕ್ಕಕ್ಕಿಲ್ಲ, ನೆನೆದ ಎಲೆ ಲೆಕ್ಕಕ್ಕುಂಟು. ಬಾಳೆ ಸಾಲಿನ ಆಚೆಗಿದ್ದ ಕ್ಯಾಮೆರಾ ಫೆಬ್ರವರಿಯಲ್ಲಿ -61 ತೋರಿಸುತ್ತಿದ್ದದ್ದು ಮಳೆಗಾಲಕ್ಕೆ -73ಕ್ಕೆ ಇಳಿಯಿತು. ಬಾಳೆ ಕಡಿಯಲು ಮನೆಯವರು ಒಪ್ಪಲಿಲ್ಲ. ಕ್ಯಾಮೆರಾವನ್ನೇ ಸಾಲಿನ ಈಚೆಯ ಕಂಬಕ್ಕೆ ಕಟ್ಟಿದೆವು.