ಗುಲಾಬಿ ಎಲೆ ಉದುರ್ತಿದ್ಯಾ? ಸ್ಪ್ರೇ ಆಮೇಲೆ, ಮೊದ್ಲು ಎಲೆ ನೋಡಿ

ಎಲೇಲಿ ಏನೋ ಕಂಡ ತಕ್ಷಣ ನರ್ಸರಿಗೆ ಓಡಿ, ಅವ್ರು ಕೊಟ್ಟ ಔಷಧಿ ತಂದು ಹೊಡೆಯೋರೇ ಜಾಸ್ತಿ. ಯಾವ ರೋಗ ಅಂತ ಗೊತ್ತಿಲ್ದೆ ಹೊಡೆದ್ರೆ ದುಡ್ಡೂ ದಂಡ, ಗಿಡಕ್ಕೂ ಹಿಂಸೆ.

ಅದಕ್ಕೇ ಮೊದ್ಲು ಒಂದು ಎಲೆ ಕಿತ್ತು ಬೆಳಕಲ್ಲಿ ನೋಡಿ. ದುಂಡನೆ ಕಪ್ಪು ಮಚ್ಚೆ, ಅದರ ಸುತ್ತ ಹಳದಿ, ಕೆಳಗಿನ ಎಲೆಗಳೇ ಮೊದ್ಲು ಉದುರ್ತಿವೆ ಅಂದ್ರೆ ಕಪ್ಪು ಚುಕ್ಕೆ ರೋಗ. ಮಳೆಗಾಲದಲ್ಲಿ ಇದರದ್ದೇ ಕಾಟ, ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ರೆ ಸಾಕು ಶಿಲೀಂಧ್ರ ಒಳಗೆ ಸೇರ್ಕೊಳ್ಳುತ್ತೆ. ಚಿಗುರು, ಮೊಗ್ಗಿನ ಮೇಲೆ ವಿಭೂತಿ ಬಳಿದ ಹಾಗೆ ಬಿಳೀ ಪುಡಿ ಇದ್ದು ಎಲೆ ಮುದುಡ್ತಿದ್ರೆ ಅದು ಬೂದಿ ರೋಗ. ಬೆಂಗ್ಳೂರು, ಮೈಸೂರು ಕಡೆ ಹಗಲು ಒಣಹವೆ, ರಾತ್ರಿ ತಂಪು ಇರೋ ಚಳಿಗಾಲದಲ್ಲಿ ಬರುತ್ತೆ, ಇದಕ್ಕೆ ಎಲೆ ಒದ್ದೆಯಾಗೋದೂ ಬೇಕಿಲ್ಲ.

ಯಾವುದೇ ಆಗ್ಲಿ, ರೋಗದ ಎಲೆ ಕೀಳಿ, ಕುಂಡದಲ್ಲಿ ಬಿದ್ದಿರೋದನ್ನೂ ಆರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಡಬ್ಬಕ್ಕಂತೂ ಬೇಡ. ನನ್ನ ಕೇಳಿದ್ರೆ ಔಷಧಿಗಿಂತ ಇದೇ ಮುಖ್ಯ. ನೀರು ಬೆಳಿಗ್ಗೆ ಹೊತ್ತು, ಬುಡಕ್ಕೆ ಮಾತ್ರ. ಕುಂಡಗಳ ನಡುವೆ ಗಾಳಿ ಆಡೋಷ್ಟು ಜಾಗ ಬಿಡಿ.

ಆಮೇಲೆ ಸ್ಪ್ರೇ. ಕಪ್ಪು ಚುಕ್ಕೆಗೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ, ಎಲೆಯ ಎರಡೂ ಕಡೆ ತಾಗೋ ಹಾಗೆ, 10 ದಿನ ಬಿಟ್ಟು ಇನ್ನೊಂದ್ಸಲ. ಹಳೇ ಮಚ್ಚೆ ಮಾಯ ಆಗಲ್ಲ, ಹೊಸ ಎಲೆ ಕ್ಲೀನಾಗಿ ಬರ್ತಿದ್ಯಾ ಅಂತಷ್ಟೇ ನೋಡಿ. ಬೂದಿ ರೋಗಕ್ಕೆ ನೀರಲ್ಲಿ ಕರಗೋ ಗಂಧಕ, ಅದೂ ಲೀಟರ್‌ಗೆ 2 ಗ್ರಾಂ, ಆದ್ರೆ ಬಿಸಿಲು 32 ಡಿಗ್ರಿ ದಾಟಿದ್ರೆ ಹೊಡೀಬೇಡಿ, ಬೇವಿನೆಣ್ಣೆ ಹೊಡೆದಿದ್ರೆ ಎರಡು ವಾರ ಗಂಧಕದ ತಂಟೆಗೆ ಹೋಗ್ಬೇಡಿ, ಎಲೆ ಸುಟ್ಟು ಹೋಗುತ್ತೆ. ಗ್ಲೌಸು, ಮಾಸ್ಕು ಮರೀಬೇಡಿ, ಮಕ್ಕಳನ್ನ ಒಳಗೆ ಕಳಿಸಿ.

ಕಟಿಂಗ್ ಮಾಡಿದ ಮೇಲೆ ಕಡ್ಡಿ ತುದಿಯಿಂದ ಕಪ್ಪಗಾಗ್ತಾ ಕೆಳಗಿಳೀತಿದ್ರೆ ಸ್ಪ್ರೇ ಹಿಡಿಯಲ್ಲ, ಕತ್ತರಿನೇ ಬೇಕು. ಕಪ್ಪು ಮುಗಿದು ಹಸಿರು ಶುರುವಾಗೋ ಜಾಗದಿಂದ ಎರಡು ಇಂಚು ಕೆಳಗೆ ಓರೆಯಾಗಿ ಕತ್ತರಿಸಿ, ಒಳಗಿನ ತಿರುಳು ಕಂದು ಕಂಡ್ರೆ ಬೆಳ್ಳಗೆ ಸಿಗೋವರೆಗೂ ಇನ್ನೂ ಕೆಳಗೆ ಹೋಗಿ. ಕತ್ತರಿನ ಸ್ಪಿರಿಟ್‌ನಲ್ಲಿ ಒರೆಸ್ಕೊಳ್ತಾ ಇರಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿ, ಮಲೆನಾಡಿನ ಅಡಿಕೆ ತೋಟದೋರ ಮನೇಲಿ ಮೈಲುತುತ್ತ, ಸುಣ್ಣ ಹೇಗೂ ಇರುತ್ತೆ, ಅವೆರಡನ್ನ ನೀರಲ್ಲಿ ಕಲಸಿ ಮಾಡೋ ಬೋರ್ಡೋ ಪೇಸ್ಟೂ ಆದೀತು.

ದಾಸವಾಳದ ತುದಿಯಲ್ಲಿ ಹತ್ತಿ ಥರ ಅಂಟಂಟು ಬಿಳಿ ಕಂಡ್ರೆ ಅದು ಬೂದಿ ರೋಗ ಅಲ್ಲ, ಹಿಟ್ಟು ತಿಗಣೆ ಅನ್ನೋ ಹುಳ. ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟು ತೊಳೆದು, ಲೀಟರ್‌ಗೆ 5 ಎಂಎಲ್ ಬೇವಿನೆಣ್ಣೆ, ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿ ಸಂಜೆ ಹೊಡೀರಿ. ಕಾಂಡದ ಮೇಲೆ ಇರುವೆ ಸಾಲು ಇದ್ರೆ ಅದನ್ನೂ ತಡೀರಿ, ಆ ಹುಳಕ್ಕೆ ಕಾವಲು ಇರೋದು ಅವೇ.